ಮಳೆಗಾಲದಲ್ಲಿ ಮೊಲದ ಗೂಡು ಯಾಕೆ ಇಷ್ಟು ನಾರುತ್ತದೆ?

ಪ್ರಶ್ನೆ: ನಮ್ಮದು ಉಡುಪಿ ಹತ್ತಿರ ಹಂಚಿನ ಮನೆ. ಮಕ್ಕಳಿಗೋಸ್ಕರ ಎರಡು ಮೊಲ ಸಾಕಿದ್ದೇವೆ. ಎರಡೂ ಗಂಡು, ಎಂಟು ತಿಂಗಳಾಯಿತು, ತಲಾ ಎರಡು ಕಿಲೋ ಇರಬಹುದು. ಜಗಳ ಆಡುತ್ತವೆಂದು ಗೂಡಿನ ನಡುವೆ ಬಲೆ ಹಾಕಿ ಬೇರೆ ಮಾಡಿದ್ದೇವೆ. ಪ್ಲೈವುಡ್ ಗೋಡೆ, ತಂತಿಬಲೆಯ ತಳ, ಅದರಡಿ ತಗಡಿನ ಟ್ರೇ. ಬೇಸಿಗೆಯಲ್ಲಿ ಗೂಡು ಅಂಗಳದ ಮಾವಿನ ಮರದಡಿ ಇತ್ತು, ಏನೂ ತೊಂದರೆ ಇರಲಿಲ್ಲ. ಮಳೆ ಹಿಡಿದ ಮೇಲೆ ಹಿಂದಿನ ಜಗಲಿಗೆ ತಂದು ಸುತ್ತ ಟಾರ್ಪಾಲು ಕಟ್ಟಿದೆವು. ದಿನಾ ತೊಳೆದು ಫಿನಾಯಿಲ್ ಹಾಕುತ್ತೇವೆ, ಟ್ರೇಗೆ ಬಚ್ಚಲ ಒಲೆಯ ಬೂದಿ ಹರಡುತ್ತೇವೆ. ಆದರೂ ಬೆಳಿಗ್ಗೆ ಹಿಂಬಾಗಿಲು ತೆಗೆದರೆ ಕಣ್ಣು ಉರಿಯುವಷ್ಟು ನಾತ. ಟ್ರೇಯಲ್ಲಿ ಬಿಳಿ ಗಾರೆಯಂಥದ್ದು ಕಟ್ಟಿಕೊಂಡಿದೆ, ಉಜ್ಜಿದರೂ ಹೋಗುವುದಿಲ್ಲ. ಅತ್ತೆಗೆ ಉಬ್ಬಸ ಇದೆ, ಮೊಲಗಳನ್ನು ಯಾರಿಗಾದರೂ ಕೊಟ್ಟುಬಿಡಿ ಎನ್ನುತ್ತಿದ್ದಾರೆ. ಏನು ಮಾಡಬಹುದು?

ಉತ್ತರ: ಮೊಲಗಳನ್ನು ಕೊಡಬೇಕಾಗಿಲ್ಲ. ಆದರೆ ಟ್ರೇಗೆ ಬೂದಿ ಹಾಕುವುದನ್ನು ಇವತ್ತೇ ನಿಲ್ಲಿಸಿ. ನಿಮ್ಮ ಜಗಲಿಯ ನಾತದಲ್ಲಿ ದೊಡ್ಡ ಪಾಲು ಆ ಬೂದಿಯದ್ದೇ.

ಕಣ್ಣು ಉರಿಸುವ ಆ ಗಾಳಿ ಅಮೋನಿಯಾ. ಆಗಷ್ಟೇ ಬಿದ್ದ ಮೊಲದ ಮೂತ್ರಕ್ಕೆ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಅದಕ್ಕೆ ಬೇಕಾದದ್ದು ತೇವ, ಬೆಚ್ಚಗಿನ ಗಾಳಿ ಮತ್ತು ಕೆಲವು ಗಂಟೆಗಳ ಸಮಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿ ಮೂರನ್ನೂ ಧಾರಾಳವಾಗಿ ಕೊಡುತ್ತದೆ. ಮಾವಿನ ಮರದಡಿ ಬಿದ್ದ ಮೂತ್ರ ಮಣ್ಣಿಗೆ ಇಳಿಯುತ್ತಿತ್ತು, ಉಳಿದದ್ದು ಬಿಸಿಲಿಗೆ ಒಣಗುತ್ತಿತ್ತು, ಗಾಳಿ ಹೊತ್ತೊಯ್ಯುತ್ತಿತ್ತು. ಜಗಲಿಯಲ್ಲಿ ಇವು ಯಾವುವೂ ಇಲ್ಲ. ಎರಡು ಕಿಲೋ ತೂಗುವ ಮೊಲ ದಿನಕ್ಕೆ ಹತ್ತಿರಹತ್ತಿರ ಕಾಲು ಲೀಟರ್ ಮೂತ್ರ ಮಾಡಬಹುದು, ಹಸಿ ಸೊಪ್ಪು ಜಾಸ್ತಿ ತಿಂದ ದಿನ ಇನ್ನೂ ಹೆಚ್ಚು. ಎರಡು ಮೊಲಕ್ಕೆ ಅರ್ಧ ಲೀಟರ್. ಅದಷ್ಟೂ ಒಣಗದೆ ತಗಡಿನ ಮೇಲೆ ಇಡೀ ರಾತ್ರಿ ನಿಂತಿರುತ್ತದೆ.

ಇನ್ನು ಬೂದಿಯ ವಿಷಯ. ಮೊಲದ ಮೂತ್ರವೇ ಕ್ಷಾರದ್ದು, ಹುಳಿ-ಕ್ಷಾರ ಅಳೆಯುವ ಪಿಎಚ್ ಅಂಕೆ ಅದರದ್ದು ಸಾಮಾನ್ಯವಾಗಿ 8ಕ್ಕಿಂತ ಮೇಲೆ. ಸೌದೆಯ ಬೂದಿ ಅದಕ್ಕಿಂತಲೂ ಬಲವಾದ ಕ್ಷಾರ. ದ್ರವ ಹುಳಿಯಾಗಿದ್ದರೆ ಅಮೋನಿಯಾ ಕರಗಿಕೊಂಡು ಅಲ್ಲೇ ಉಳಿಯುತ್ತದೆ, ಕ್ಷಾರವಾದಷ್ಟೂ ಅನಿಲವಾಗಿ ಮೇಲೇಳುತ್ತದೆ. ಬೂದಿ ಹರಡಿದಾಗ ಟ್ರೇ ಒಣಗಿದಂತೆ ಕಾಣುತ್ತದೆ ನಿಜ, ಆದರೆ ಮೂತ್ರದಲ್ಲಿದ್ದ ಅಮೋನಿಯಾವನ್ನು ಅದು ಹೊರಗೆ ಅಟ್ಟುತ್ತಿರುತ್ತದೆ. ಸುಣ್ಣದ ಹುಡಿಯದ್ದೂ ಇದೇ ಗುಣ. ಅಂತರ್ಜಾಲದಲ್ಲಿ ಬಹಳ ಮಂದಿ ಹೇಳುವ ಅಡುಗೆ ಸೋಡಾ ಕೂಡ ಕ್ಷಾರವೇ, ಇಲ್ಲಿ ಅದರಿಂದ ಉಪಯೋಗವಿಲ್ಲ. ದನದ ಹಟ್ಟಿಗೆ ಬೂದಿ ಹಾಕುವ ಹಿರಿಯರ ಪದ್ಧತಿ ತಪ್ಪೆಂದು ಹೇಳುತ್ತಿಲ್ಲ. ಹಟ್ಟಿಗೆ ಗೋಡೆ ಅರ್ಧ, ಗಾಳಿ ಪೂರ್ತಿ. ಮುಚ್ಚಿದ ಜಗಲಿಗೆ ಅದು ಹೊಂದುವುದಿಲ್ಲ.

ಇದು ಬರೀ ಮೂಗಿನ ಕಿರಿಕಿರಿಯಾಗಿದ್ದರೆ ಇಷ್ಟು ಒತ್ತಿ ಹೇಳಬೇಕಾಗಿರಲಿಲ್ಲ. ನೀವು ಬಾಗಿಲು ತೆಗೆದು ಅರೆ ನಿಮಿಷ ನಿಲ್ಲುತ್ತೀರಿ. ಮೊಲದ ಮೂಗು ಆ ಟ್ರೇಯಿಂದ ಒಂದು ಗೇಣು ಮೇಲೆ, ರಾತ್ರಿಯಿಡೀ. ಅಮೋನಿಯಾ ಅದರ ಮೂಗಿನ ಒಳಪದರವನ್ನು ಸುಡುತ್ತದೆ. ಎಷ್ಟೋ ಮೊಲಗಳ ಮೂಗಿನಲ್ಲಿ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಸುಮ್ಮನೆ ಕುಳಿತಿರುತ್ತದೆ, ಪದರ ಕೆಟ್ಟ ಕೂಡಲೇ ಒಳಗೆ ಇಳಿಯುತ್ತದೆ. ಸೀನು, ಮೂಗಿನಿಂದ ಬಿಳಿ ಸಿಂಬಳ, ಮೂಗು ಒರೆಸಿ ಒರೆಸಿ ಮುಂಗಾಲಿನ ಒಳಬದಿಯ ಕೂದಲು ಅಂಟಂಟಾಗುವುದು ಇದರ ಗುರುತುಗಳು. ಇವತ್ತೇ ಎರಡೂ ಮೊಲಗಳ ಮುಂಗಾಲು ತಿರುಗಿಸಿ ನೋಡಿ. ಕೂದಲು ಗಂಟುಕಟ್ಟಿದ್ದರೆ ಶುಚಿ ಮಾಡುವುದರ ಜೊತೆಗೆ ಪಶುವೈದ್ಯರಿಗೂ ತೋರಿಸಬೇಕು.

ಈಗ ಟ್ರೇಗೆ ಬನ್ನಿ. ಆ ಬಿಳಿ ಗಾರೆ ಕೊಳೆಯಲ್ಲ, ಕ್ಯಾಲ್ಸಿಯಂ. ತಿಂದ ಆಹಾರದಲ್ಲಿ ಹೆಚ್ಚಾದ ಕ್ಯಾಲ್ಸಿಯಂ ಅನ್ನು ಮೊಲ ಮೂತ್ರದಲ್ಲೇ ಹೊರಹಾಕುತ್ತದೆ, ಆದ್ದರಿಂದ ಅದರ ಮೂತ್ರ ಸ್ವಲ್ಪ ಕದಡಿದಂತೆ ಇರುವುದು ಸಹಜ. ಒಣಗಿದಾಗ ಅದು ಸುಣ್ಣದ ಹಕ್ಕಳೆಯಾಗುತ್ತದೆ, ಹಕ್ಕಳೆಯ ಸಣ್ಣ ಸಣ್ಣ ತೂತುಗಳಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ನೀವು ತೊಳೆದ ಅರ್ಧ ದಿನದಲ್ಲೇ ವಾಸನೆ ಮರಳುವುದಕ್ಕೆ ಇದೇ ಕಾರಣ. ಸೋಪು, ಫಿನಾಯಿಲ್, ತೆಂಗಿನ ನಾರು ಯಾವುದಕ್ಕೂ ಅದು ಜಗ್ಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಿಳಿ ವಿನೆಗರ್ ಸಾಕು. ಟ್ರೇ ಖಾಲಿ ಮಾಡಿ, ನೀರು ಹಾಕಿ ಬೂದಿಯನ್ನೆಲ್ಲ ಪೂರ್ತಿ ತೊಳೆಯಿರಿ. ಬೂದಿ ಉಳಿದರೆ ವಿನೆಗರಿನ ಹುಳಿಯೆಲ್ಲ ಅದಕ್ಕೇ ಖರ್ಚಾಗುತ್ತದೆ. ಆಮೇಲೆ ಹಕ್ಕಳೆ ಇರುವ ಕಡೆ ಹಳೆ ಬಟ್ಟೆ ಹಾಸಿ, ಅದು ನೆನೆಯುವಷ್ಟು ವಿನೆಗರ್ ಸುರಿದು ಅರ್ಧ ಗಂಟೆ ಬಿಡಿ. ಸಣ್ಣಗೆ ನೊರೆ ಬಂದರೆ ಕೆಲಸ ನಡೆಯುತ್ತಿದೆ ಎಂದರ್ಥ. ಪ್ಲಾಸ್ಟಿಕ್ ಚೂರಿನಿಂದ ಕೆರೆದರೆ ಏಳುತ್ತದೆ. ಹಳೆಯ ಹಕ್ಕಳೆಯಾದರೆ ಎರಡು ಮೂರು ಸಲ ಮಾಡಬೇಕಾದೀತು.

ಹಿತ್ತಿಲಲ್ಲಿ ಬಿಂಬುಳಿಯ ಹುಳಿಕಾಯಿ ಇದೆಯಲ್ಲ, ಹಿತ್ತಾಳೆ ಬೆಳಗುತ್ತೇವಲ್ಲ, ಅದನ್ನೇ ಉಜ್ಜಬಾರದೇ ಎಂದು ಕೇಳುವವರಿದ್ದಾರೆ. ಉಜ್ಜಬೇಡಿ. ಬಿಂಬುಳಿಯ ಆಕ್ಸಾಲಿಕ್ ಆಮ್ಲ ಕ್ಯಾಲ್ಸಿಯಂ ಜೊತೆ ಸೇರಿದರೆ ನೀರಿನಲ್ಲಿ ಕರಗದ ಲವಣವಾಗುತ್ತದೆ, ಹಕ್ಕಳೆಯ ಮೇಲೆ ಇನ್ನೊಂದು ಪದರ ಕೂತಂತೆ. ವಿನೆಗರಿನ ಆಮ್ಲದಿಂದ ಆಗುವ ಲವಣ ನೀರಿನಲ್ಲಿ ಕರಗಿ ಹರಿದುಹೋಗುತ್ತದೆ.

ವಿನೆಗರಿಗೂ ಮಿತಿ ಇದೆ. ಸತು ಲೇಪಿಸಿದ ತಂತಿಬಲೆ ಮತ್ತು ತಗಡನ್ನು ಅದು ತಿನ್ನುತ್ತದೆ. ಅರ್ಧ ಗಂಟೆ ಕಳೆದ ಮೇಲೆ ಬಿಡದೆ ನೀರಿನಲ್ಲಿ ತೊಳೆದು ಒರೆಸಿ. ಸಮುದ್ರದ ಉಪ್ಪು ಗಾಳಿಗೆ ಮೊದಲೇ ತುಕ್ಕು ಬೇಗ, ಸತು ಹೋದರೆ ಒಂದೇ ಮಳೆಗಾಲಕ್ಕೆ ಟ್ರೇ ತೂತು. ಹಳೆ ಮನೆಗಳ ಕೆಂಪು ಕಾವಿ ನೆಲಕ್ಕೂ ವಿನೆಗರ್ ಬೀಳಬಾರದು, ಸಿಮೆಂಟು ಸವೆದು ಹೊಳಪು ಹೋಗುತ್ತದೆ. ಈ ತಗಡಿನ ಟ್ರೇ ಬದಲು ಸ್ಟೀಲಿನದ್ದು ಮಾಡಿಸಿಕೊಂಡರೆ ಉತ್ತಮ, ಅದೂ ಎರಡು ಜೊತೆ. ಈ ಎರಡು ಜೊತೆಯ ಮಾತನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ. ಜೋರು ಮಳೆಯ ಆಟಿ ತಿಂಗಳಲ್ಲಿ ತೊಳೆದದ್ದು ಯಾವುದೂ ಒಂದು ಗಂಟೆಯಲ್ಲಿ ಒಣಗುವುದಿಲ್ಲ. ಹಸಿ ಟ್ರೇಯನ್ನೇ ಮತ್ತೆ ಗೂಡಿನಡಿ ತಳ್ಳಿದರೆ ತೊಳೆದ ಶ್ರಮವೆಲ್ಲ ವ್ಯರ್ಥ. ಒಂದು ಜೊತೆ ಬಳಕೆಯಲ್ಲಿರುವಾಗ ಇನ್ನೊಂದು ಬಚ್ಚಲ ಒಲೆಯ ಬದಿಯಲ್ಲಿ ಒರಗಿಸಿಟ್ಟು ಇಡೀ ದಿನ ಒಣಗಲಿ.

ಫಿನಾಯಿಲ್ ಬಗ್ಗೆಯೂ ಹೇಳಬೇಕು. ಅದು ನಾತವನ್ನು ತೆಗೆಯುವುದಿಲ್ಲ, ಇನ್ನೊಂದು ವಾಸನೆಯಿಂದ ಮುಚ್ಚುತ್ತದೆ. ಮೊಲ ದಿನಕ್ಕೆ ಹತ್ತಾರು ಸಲ ತನ್ನ ಪಾದ ನೆಕ್ಕಿ ಮೈ ಒರೆಸಿಕೊಳ್ಳುವ ಪ್ರಾಣಿ, ಬಲೆಗೆ ಅಂಟಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಕರಿ ಫಿನಾಯಿಲ್ ಅಂತೂ ನೇರವಾಗಿ ವಿಷ. ನುಸಿಗುಳಿಗೆ, ಕರ್ಪೂರ, ಊದುಬತ್ತಿ, ಪರಿಮಳದ ಸ್ಪ್ರೇ ಯಾವುದೂ ಗೂಡಿನ ಹತ್ತಿರ ಬೇಡ. ನಿಮ್ಮ ಅತ್ತೆಯವರ ಉಬ್ಬಸಕ್ಕೂ ಅವು ಒಳ್ಳೆಯದಲ್ಲ. ಗೆರಟೆಯ ಇದ್ದಿಲನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕುವವರೂ ಉಂಟು. ಅಪಾಯವಿಲ್ಲ, ಆದರೆ ಇದ್ದಿಲು ಅಮೋನಿಯಾವನ್ನು ಹಿಡಿಯುವುದು ಬಹಳ ಕಡಿಮೆ.

ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಮನೆಯಲ್ಲಿ ಇರಬಹುದು. ಅದನ್ನು ಮೂತ್ರ ಇರುವ ಟ್ರೇಗೆ ಯಾವತ್ತೂ ಹಾಕಬೇಡಿ. ಅಮೋನಿಯಾ ಜೊತೆ ಸೇರಿ ಕ್ಲೋರಮಿನ್ ಎಂಬ ವಿಷಾನಿಲ ಏಳುತ್ತದೆ. ವಿನೆಗರ್ ಜೊತೆ ಸೇರಿದರೆ ಏಳುವುದು ಕ್ಲೋರಿನ್. ಉಬ್ಬಸ ಇರುವವರ ಮನೆಯಲ್ಲಿ ಎರಡೂ ಆಸ್ಪತ್ರೆಗೆ ಓಡುವಂತೆ ಮಾಡುತ್ತವೆ.

ದಿನನಿತ್ಯದ ಶುಚಿಗೆ ಒಂದು ಪಾಲು ವಿನೆಗರ್, ಮೂರು ಪಾಲು ನೀರು ಬೆರೆಸಿ ಸ್ಪ್ರೇ ಬಾಟಲಿಯಲ್ಲಿಟ್ಟುಕೊಳ್ಳಿ. ಮೊಲವನ್ನು ಹೊರಗೆ ತೆಗೆದು, ಒದ್ದೆಯಾದ ಜಾಗಕ್ಕೆ ಹೊಡೆದು, ಐದು ನಿಮಿಷ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಬೇಕು. ಬಕೆಟ್‌ಗಟ್ಟಲೆ ನೀರು ಹೊಯ್ಯಬೇಡಿ. ನೀರು ಹೊಯ್ದು ತೊಳೆಯುವುದರಿಂದ ಪ್ಲೈವುಡ್ ಊದುತ್ತದೆ, ಜಗಲಿಯ ತೇವ ಏರುತ್ತದೆ. ಪ್ಲೈವುಡ್ ಅಂಚುಗಳು ಈಗಾಗಲೇ ಮೂತ್ರ ಕುಡಿದು ಕಪ್ಪಾಗಿದ್ದರೆ ಅದನ್ನು ಶುಚಿ ಮಾಡುವ ಉಪಾಯವಿಲ್ಲ. ಕೆಳಗಿನ ಒಂದಡಿ ಕತ್ತರಿಸಿ ತೆಗೆದು ಪ್ಲಾಸ್ಟಿಕ್ ಹಾಳೆ ಹೊಡೆಸಿ, ಅದರ ಅಂಚು ಮೊಲದ ಹಲ್ಲಿಗೆ ಸಿಗಬಾರದು. ಗೂಡಿನ ಹಿಂದೆ ಮುರಕಲ್ಲಿನ ಗೋಡೆಯಿದ್ದರೆ ಅದನ್ನೂ ನೋಡಿ. ಗಿಲಾವು ಇಲ್ಲದ ಮುರಕಲ್ಲು ಸ್ಪಂಜಿನಂತೆ ಮೂತ್ರ ಹೀರುತ್ತದೆ. ಗೂಡನ್ನು ಗೋಡೆಯಿಂದ ಒಂದಡಿ ಈಚೆ ತಂದು, ನಡುವೆ ತೊಳೆಯಲು ಬರುವ ದಪ್ಪ ಶೀಟು ನಿಲ್ಲಿಸಿ.

ತಂತಿಬಲೆಯ ತಳವನ್ನು ನಾವು ಒಪ್ಪುವುದಿಲ್ಲ. ಮೊಲದ ಪಾದಕ್ಕೆ ನಾಯಿ ಬೆಕ್ಕಿನಂತೆ ಮೆತ್ತೆ ಇಲ್ಲ, ಕೂದಲು ಮಾತ್ರ. ಮೂತ್ರದಲ್ಲಿ ತೊಯ್ದ ಬಲೆಯ ಮೇಲೆ ದಿನಗಟ್ಟಲೆ ಕೂತರೆ ಹಿಂಗಾಲಿನ ಹಿಮ್ಮಡಿ ಬೋಳಾಗಿ ಹುಣ್ಣಾಗುತ್ತದೆ. ಬಲೆಯ ಮುಕ್ಕಾಲು ಭಾಗಕ್ಕೆ ತೊಳೆಯಬಹುದಾದ ಚಾಪೆ ಹಾಸಿ, ಒಂದು ಮೂಲೆಯಲ್ಲಿ ಮೂತ್ರಕ್ಕೆಂದೇ ಟಬ್ ಇಡಿ. ಮೊಲ ಸ್ವಭಾವತಃ ಒಂದೇ ಮೂಲೆಯನ್ನು ಆರಿಸಿಕೊಳ್ಳುತ್ತದೆ, ಅದು ಆರಿಸಿದ ಮೂಲೆಯಲ್ಲೇ ಟಬ್ ಇಡಬೇಕು, ನಮಗೆ ಅನುಕೂಲವಾದ ಮೂಲೆಯಲ್ಲಲ್ಲ. ಎರಡು ಕಿಲೋ ಮೊಲಕ್ಕೆ ಸುಮಾರು 45 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ, 12ರಿಂದ 15 ಸೆಂ.ಮೀ. ಎತ್ತರದ ಗಟ್ಟಿ ಟಬ್ ಸಾಕು. ಒಳಗೆ ಕೂತು ತಿರುಗಲು ಜಾಗವಿರಬೇಕು, ಇಲ್ಲವಾದರೆ ಬಾಲ ಹೊರಗಿಟ್ಟು ಮೂತ್ರ ಮಾಡುತ್ತದೆ.

ಟಬ್‌ನ ತಳಕ್ಕೆ ನಾಲ್ಕೈದು ಪದರ ದಿನಪತ್ರಿಕೆ, ಅದರ ಮೇಲೆ ಮೂರು ಸೆಂ.ಮೀ. ದಪ್ಪಕ್ಕೆ ಕಾಗದದ ಅಥವಾ ಮರದ ಪೆಲೆಟ್ (ಒತ್ತಿ ಮಾಡಿದ ಸಣ್ಣ ಗುಳಿಗೆ), ಎಲ್ಲಕ್ಕಿಂತ ಮೇಲೆ ಒಂದು ಹಿಡಿ ಒಣಹುಲ್ಲು. ಬೆಕ್ಕಿಗೆಂದು ಮಾರುವ ಮರದ ಪೆಲೆಟ್ ನಡೆಯುತ್ತದೆ, ಪರಿಮಳ ಸೇರಿಸಿರಬಾರದು ಅಷ್ಟೇ. ನೀರು ತಾಗಿದರೆ ಗಟ್ಟಿ ಉಂಡೆಯಾಗುವ ಜೇಡಿಮಣ್ಣಿನ ಬೆಕ್ಕಿನ ಮರಳು ಖಂಡಿತ ಬೇಡ, ಮೊಲ ತಿಂದರೆ ಕರುಳು ಕಟ್ಟುತ್ತದೆ. ಮರದ ಮಿಲ್ಲಿನ ಹುಡಿ ಅಗ್ಗವಾಗಿ ಸಿಗುತ್ತದೆ, ಆದರೆ ಅದರ ಧೂಳು ಮೊಲದ ಶ್ವಾಸಕ್ಕೂ ಅತ್ತೆಯವರ ಶ್ವಾಸಕ್ಕೂ ಕೆಟ್ಟದ್ದು. ಭತ್ತದ ಉಮಿಯೂ ಹಾಗೆಯೇ. ಬೈಹುಲ್ಲು ಮೇಲೆ ಹಾಸಲು ಚೆನ್ನಾಗಿದೆ, ಆದರೆ ಹೀರುವ ಶಕ್ತಿ ಕಡಿಮೆ, ಅದೊಂದನ್ನೇ ನಂಬಬೇಡಿ. ಹುಲ್ಲಿನ ಗುಡ್ಡೆಯನ್ನು ಟಬ್‌ನ ಒಂದು ತುದಿಗೇ ಇಡಿ. ಮೊಲ ತಿನ್ನುತ್ತಲೇ ಹಿಕ್ಕೆ ಹಾಕುವ ಜೀವ, ಹುಲ್ಲು ಅಲ್ಲಿದ್ದರೆ ತಾನಾಗಿ ಅಲ್ಲೇ ಕೂರುತ್ತದೆ.

ಮಳೆಗಾಲದಲ್ಲಿ ಟಬ್ಬನ್ನು ದಿನಾ ಬದಲಿಸಿ, ಸಂಜೆ ಹೊತ್ತು ಒದ್ದೆ ಭಾಗವನ್ನು ಗೋರಿ ತೆಗೆಯಿರಿ. ಬೆಳಿಗ್ಗೆ ಮಾತ್ರ ತೊಳೆದರೆ ಮೊಲ ಹೆಚ್ಚು ಚುರುಕಾಗಿರುವ ಮುಸ್ಸಂಜೆ ಮತ್ತು ನಸುಕಿನ ಮೂತ್ರವೆಲ್ಲ ನಿಂತುಬಿಡುತ್ತದೆ. ನಿಮ್ಮ ಈಗಿನ ಕ್ರಮದಲ್ಲಿ ಆಗುತ್ತಿರುವುದೂ ಅದೇ ಇರಬೇಕು. ಡಿಸೆಂಬರ್‌ನಿಂದ ಮೇವರೆಗೆ ಎರಡು ದಿನಕ್ಕೊಮ್ಮೆ ಬದಲಿಸಿದರೂ ನಡೆಯುತ್ತದೆ. ಹೊಸ ಹಾಸು ಹಾಕುವಾಗ ಹಳೆಯದರಿಂದ ಒಂದು ಹಿಡಿ ಹಿಕ್ಕೆಯನ್ನು ಟಬ್‌ಗೆ ಮರಳಿ ಹಾಕಿ. ಇದು ಕೊಳಕಲ್ಲ, ಇದೇ ನನ್ನ ಜಾಗ ಎಂದು ಮೊಲಕ್ಕೆ ಗೊತ್ತಾಗುವ ಗುರುತು. ಗೂಡನ್ನೆಲ್ಲ ಒಂದೇ ದಿನ ಉಜ್ಜಿ ತೊಳೆದರೆ ಗುರುತು ಅಳಿದು, ಅದು ಮೂಲೆಮೂಲೆಗೂ ಮೂತ್ರ ಹಾಯಿಸಿ ಹೊಸದಾಗಿ ಗಡಿ ಹಾಕುತ್ತದೆ. ಇವತ್ತು ಟಬ್, ಎರಡು ದಿನ ಬಿಟ್ಟು ಚಾಪೆ, ಮತ್ತೆರಡು ದಿನಕ್ಕೆ ಗೋಡೆ ಹೀಗೆ ಹಂಚಿಕೊಳ್ಳಿ.

ವಾರಕ್ಕೊಮ್ಮೆ ತೊಳೆದ ಸ್ಟೀಲ್ ಟ್ರೇಗೂ ಊಟದ ಬಟ್ಟಲಿಗೂ ಕುದಿಯುವ ನೀರು ಹೊಯ್ಯಿರಿ. ಹಂಡೆಯ ಸ್ನಾನದ ನೀರು ಸಾಲದು, ಕುದಿಯಲೇಬೇಕು. ಮೊಲದ ಕರುಳಿಗೆ ಬರುವ ಕಾಕ್ಸಿಡಿಯಾ ರೋಗದ ಮೊಟ್ಟೆಗಳು ಹಿಕ್ಕೆಯಲ್ಲಿ ಬಂದು, ಬೆಚ್ಚಗಿನ ತೇವದಲ್ಲಿ ಎರಡು ಮೂರು ದಿನದಲ್ಲಿ ಸೋಂಕು ಹರಡುವಷ್ಟು ಬಲಿಯುತ್ತವೆ. ಬ್ಲೀಚ್, ಫಿನಾಯಿಲ್‌ಗಳಿಗೆ ಅವು ಸಾಯುವುದಿಲ್ಲ, ಕುದಿನೀರಿಗೆ ಸಾಯುತ್ತವೆ. ದಿನಾ ಹಿಕ್ಕೆ ತೆಗೆದರೆ ಬಲಿಯಲು ಸಮಯವೇ ಸಿಗುವುದಿಲ್ಲ.

ಟಾರ್ಪಾಲು ಪೂರ್ತಿ ಸುತ್ತಿರುವುದು ಎರಡನೆಯ ದೊಡ್ಡ ತಪ್ಪು. ಮಳೆಯ ಎರಚಲು ಹೆಚ್ಚಾಗಿ ಪಡುವಣದಿಂದ ಬರುತ್ತದೆ. ಆ ಬದಿಗೆ ಮಾತ್ರ ಮರೆ ಮಾಡಿ, ಮಾಡಿನ ಕೆಳಗೆ ಒಂದಡಿ ತೆರೆದು ಬಿಡಿ, ಎದುರು ಬದಿ ತೆರೆದಿರಲಿ. ಟಾರ್ಪಾಲಿಗಿಂತ ಹೆಣೆದ ಮಡಲಿನ ತಟ್ಟಿ ಮೇಲು, ನೀರು ತಡೆದು ಗಾಳಿ ಬಿಡುತ್ತದೆ. ಬೂಸ್ಟು ಕಂಡರೆ ಬದಲಿಸಬೇಕು. ಗಾಳಿ ಬೀಸದ ದಿನ ಸಣ್ಣ ಫ್ಯಾನ್ ಇಡಬಹುದು, ಮೊಲದ ಮೇಲೆ ನೇರ ಬೀಸದೆ ಗೂಡಿನ ಮೇಲಿಂದ ಹೊರಕ್ಕೆ ತಳ್ಳುವಂತೆ. ಗೂಡಿನ ತಳ ನೆಲದಿಂದ ಎರಡಡಿಯಾದರೂ ಮೇಲಿರಲಿ.

ಹುಲ್ಲೂ ನಾರುತ್ತದೆ ಎಂಬುದು ಮರೆಯಬಾರದು. ಮುಗ್ಗಲು ವಾಸನೆ ಬಂದರೆ ಅದು ಮೂತ್ರದ್ದಲ್ಲ, ಬೂಸ್ಟು ಹಿಡಿದ ಹುಲ್ಲಿನದ್ದು, ಅದನ್ನು ತಿಂದರೆ ಮೊಲಕ್ಕೆ ಕಾಯಿಲೆ. ಮೇ ತಿಂಗಳ ಬಿಸಿಲಲ್ಲಿ ಒಣಗಿಸಿ, ಅಡುಗೆ ಒಲೆಯ ಹೊಗೆಯಿಲ್ಲದ ಬೆಚ್ಚನೆ ಅಟ್ಟದಲ್ಲಿ ಅಥವಾ ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ ಇಡಿ, ವಾರಕ್ಕೆ ಬೇಕಾದಷ್ಟು ಮಾತ್ರ ಹೊರತೆಗೆಯಿರಿ. ಹುಲ್ಲು ಕೊಡವುವ, ಟಬ್ ಸುರಿಯುವ ಕೆಲಸ ಅತ್ತೆಯವರ ಕೋಣೆಯಿಂದ ದೂರ, ಅಂಗಳದಲ್ಲಿ ನಡೆಯಲಿ. ಚೆಲ್ಲಿದ ಪೆಲೆಟ್ ಆಹಾರವನ್ನು ರಾತ್ರಿಗೆ ಉಳಿಸಬೇಡಿ. ಇಲಿ ಬರುತ್ತದೆ, ಇಲಿಜ್ವರ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಮಳೆಗಾಲದ ಪರಿಚಿತ ಕಾಯಿಲೆ. ಶುಚಿ ಮಾಡುವಾಗ ಕೈಗವಸು ಹಾಕಿ.

ತಿನ್ನಿಸುವುದರಲ್ಲೂ ನಾತದ ಬೇರು ಇರಬಹುದು. ಹೆಚ್ಚಾದ ಪ್ರೋಟೀನ್ ಯೂರಿಯಾ ಆಗಿ ಮೂತ್ರಕ್ಕೆ ಬರುತ್ತದೆ. ನೆಲಗಡಲೆ ಹಿಂಡಿ, ಕಡಲೆ, ಮಾಂಸಕ್ಕೆ ಬೆಳೆಸುವ ಮೊಲದ ಫೀಡ್ ಕೊಡುತ್ತಿದ್ದರೆ ನಿಲ್ಲಿಸಿ. ಬೆಳೆದ ಮೊಲಕ್ಕೆ ಒಂದು ಕಿಲೋ ಮೈತೂಕಕ್ಕೆ ದಿನಕ್ಕೆ 25 ಗ್ರಾಂ ಪೆಲೆಟ್ ಆಹಾರ ದಾಟಬಾರದು, ಉಳಿದದ್ದು ಹುಲ್ಲೇ. ನುಗ್ಗೆ, ಹರಿವೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಹೆಚ್ಚು, ವಾರಕ್ಕೊಂದೆರಡು ಸಲ ಸಾಕು. ಆದರೆ ನೀರು ಕಡಿಮೆ ಕುಡಿದರೆ ಮೂತ್ರ ನಾರುವುದು ಕಮ್ಮಿಯಾದೀತೆಂದು ನೀರು ಹಿಡಿತ ಮಾಡಬೇಡಿ. ಮೂತ್ರಕೋಶದಲ್ಲಿ ಕ್ಯಾಲ್ಸಿಯಂ ಕೆಸರು ಕಟ್ಟುತ್ತದೆ. ಅಂಟಂಟಾದ, ದ್ರಾಕ್ಷಿ ಗೊಂಚಲಿನಂಥ ಮೆತ್ತನೆಯ ಹಿಕ್ಕೆ ಗೂಡಿನಲ್ಲಿ ಬಿದ್ದಿರುವುದು ಕಂಡರೆ ಅದು ಮೊಲ ತಾನೇ ಮತ್ತೆ ತಿನ್ನಬೇಕಾಗಿದ್ದದ್ದು. ಪೆಲೆಟ್, ಬಾಳೆಹಣ್ಣು ಹೆಚ್ಚಾಗಿ ಹುಲ್ಲು ಕಡಿಮೆಯಾದಾಗ ಉಳಿಸುತ್ತದೆ, ಅದರ ವಾಸನೆ ಮೂತ್ರಕ್ಕಿಂತ ಕೆಟ್ಟದು.

ಇಷ್ಟೆಲ್ಲ ಮಾಡಿದರೂ ಕಸ್ತೂರಿಯಂಥ ಕಟು ವಾಸನೆ ಉಳಿದರೆ ಅದು ಗಂಡು ಮೊಲದ್ದು. ಎಂಟು ತಿಂಗಳ ಎರಡು ಗಂಡು ಬಲೆಯ ಆಚೀಚೆ ಮುಖಾಮುಖಿ ಇರುವಾಗ ದಿನವಿಡೀ ಒಂದರ ಮೇಲೊಂದು ಮೂತ್ರ ಚಿಮುಕಿಸುತ್ತವೆ. ಬೀಜ ತೆಗೆಸುವುದೇ ಇದಕ್ಕೆ ಪರಿಹಾರ. ಮೊಲಕ್ಕೆ ಅರಿವಳಿಕೆ ಕೊಟ್ಟು ಅನುಭವವಿರುವ ಪಶುವೈದ್ಯರನ್ನೇ ಕೇಳಿ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುಂಚೆ ನಾಯಿಯಂತೆ ಉಪವಾಸ ಕೆಡವುವುದಿಲ್ಲ. ಹಾರ್ಮೋನು ಇಳಿದು ಚಿಮುಕಿಸುವುದು ಕಡಿಮೆಯಾಗಲು ಕೆಲವು ವಾರ ಬೇಕು. ಅಲ್ಲಿಯವರೆಗೆ ನಡುವಿನ ಬಲೆಗೆ ಒಂದು ಶೀಟು ಕಟ್ಟಿ, ಪರಸ್ಪರ ಕಾಣದಂತೆ ಮಾಡಿ.

ಮೊಲಕ್ಕೆ ಸ್ನಾನ ಮಾಡಿಸಬೇಡಿ. ಹೆದರಿಕೆಗೇ ಪ್ರಾಣ ಹೋದೀತು, ಈ ಹವೆಯಲ್ಲಿ ಮೈ ಒಣಗುವುದೂ ಇಲ್ಲ. ಹಿಂಬದಿ ಒದ್ದೆಯಾಗಿದ್ದರೆ ಆ ಭಾಗವನ್ನಷ್ಟೇ ಬೆಚ್ಚನೆ ಬಟ್ಟೆಯಿಂದ ಒರೆಸಿ ಒಣಗಿಸಿ. ಮಳೆಗಾಲ ಮುಗಿಯುವವರೆಗೆ ಬೆಳಿಗ್ಗೆ ಸಂಜೆ ಬಾಲದಡಿ ನೋಡಲೇಬೇಕು. ಒದ್ದೆ ಕೂದಲಿಗೆ ನೊಣ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳವಾಗಿ ಚರ್ಮ ಕೊರೆಯುತ್ತದೆ. ಸಣ್ಣ ರವೆಯಂಥ ಬಿಳಿ ಮೊಟ್ಟೆ ಅಥವಾ ಹುಳ ಕಂಡರೆ ಕಾಯದೆ ವೈದ್ಯರಲ್ಲಿಗೆ ಒಯ್ಯಿರಿ. ದನದ ಗಾಯಕ್ಕೆ ಹಾಕುವ ಟರ್ಪೆಂಟೈನ್, ಸೀಮೆಎಣ್ಣೆ ಹಾಕಬೇಡಿ. ನಾಯಿಯ ಉಣ್ಣಿಗೆ ಬಳಸುವ ಫಿಪ್ರೋನಿಲ್ ಸ್ಪ್ರೇ ಮೊಲಕ್ಕೆ ಮಾರಕ.

ಟಬ್‌ನಿಂದ ತೆಗೆದದ್ದನ್ನು ಎಸೆಯಬೇಡಿ. ಒಣ ಹಿಕ್ಕೆಯನ್ನು ಮಲ್ಲಿಗೆ ಗಿಡದ ಬುಡಕ್ಕೆ ನೇರವಾಗಿ ಹಾಕಬಹುದು, ಆಡಿನ ಹಿಕ್ಕೆಯಂತೆ. ಮೂತ್ರದಲ್ಲಿ ನೆನೆದ ಕಾಗದ, ಪೆಲೆಟ್ ಮಾತ್ರ ತರಗೆಲೆಯ ಜೊತೆ ಪದರ ಪದರವಾಗಿ ಪೇರಿಸಿ, ಮೇಲೆ ಶೀಟು ಮುಚ್ಚಿ ಎರಡು ಮೂರು ತಿಂಗಳು ಕೊಳೆಯಲು ಬಿಡಬೇಕು. ಇದಕ್ಕೆ ಗುಂಡಿಯನ್ನು ಬಾವಿಯಿಂದ ದೂರ, ಬಾವಿಗಿಂತ ತಗ್ಗಿನ ಬದಿಗೆ ತೋಡಿ. ಮುರಕಲ್ಲಿನ ನೆಲದಲ್ಲಿ ಮಳೆನೀರಿನ ಜೊತೆ ಅದು ಬಾವಿಗೆ ಇಳಿಯಲು ಹೆಚ್ಚು ದಿನ ಬೇಕಾಗುವುದಿಲ್ಲ.